ಅಪಾಚೆ ಇಲ್ಲ ಎಂದ ಸ್ಕ್ರಿಪ್ಟ್

ವೆಬ್ ಸರ್ವರ್ ಎಂದರೆ ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಎಸಿ ರೂಮಿನೊಳಗೆ ಇರುವ ಯಂತ್ರ ಎಂದು ನಮ್ಮ ಕ್ಲಾಸಿನಲ್ಲಿ ಹಲವರು ತಿಳಿದಿದ್ದಾರೆ. ಹಾಗೇನೂ ಇಲ್ಲ. ಅದು ಒಂದು ಪ್ರೋಗ್ರಾಮ್ ಅಷ್ಟೇ. ಯಾರಾದರೂ ಬ್ರೌಸರಿನಿಂದ ಒಂದು ಪುಟ ಕೇಳಿದರೆ ಅದನ್ನು ಕಳಿಸಿಕೊಡುವುದು ಅದರ ಕೆಲಸ. ಹಳೆಯ ಡೆಸ್ಕ್‌ಟಾಪ್‌ನಲ್ಲೂ ಅದು ನಡೆಯುತ್ತದೆ. ನನ್ನ ಮಾಮುವಿನ ನೋಟ್‌ಬುಕ್, ಪಠ್ಯಪುಸ್ತಕದ ಹೋಲ್‌ಸೇಲ್ ಅಂಗಡಿಯಲ್ಲಿ ಅಂಥ ಒಂದು ಯಂತ್ರ ಮೆಟ್ಟಿಲ ಕೆಳಗಿದೆ. ಕೌಂಟರಿನ ಎರಡು, ಗೋಡೌನಿನ ಒಂದು, ಮಾಮುವಿನ ಮೇಜಿನ ಒಂದು, ಹೀಗೆ ನಾಲ್ಕು ಕಂಪ್ಯೂಟರುಗಳು ಅದೇ ಯಂತ್ರದಿಂದ ಬಿಲ್ಲಿಂಗ್ ಪುಟವನ್ನು ತೆರೆಯುತ್ತವೆ. ಆರು ವರ್ಷದ ಬಿಲ್ಲುಗಳು, ಶಾಲೆಗಳ ಮತ್ತು ಚಿಕ್ಕ ಅಂಗಡಿಗಳ ಉದ್ರಿ ಖಾತೆ, ಎಲ್ಲ ಅದರಲ್ಲೇ.

ಮೇ ಕೊನೆಯ ವಾರ ಆ ಅಂಗಡಿಗೆ ವರ್ಷದ ಅರ್ಧ ವ್ಯಾಪಾರ. ಅದೇ ವಾರ ಬಿಲ್ ಸೇವ್ ಆಗುವುದು ನಿಂತಿತು. ಗ್ರಾಹಕರ ಹಳೆಯ ಪಟ್ಟಿ ತೆರೆದರೆ ಕಾಣುತ್ತಿತ್ತು, ಹೊಸ ಬಿಲ್ ಹಾಕಿ ಸೇವ್ ಒತ್ತಿದರೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಕರೆಸಿದ ಟೆಕ್ನಿಷಿಯನ್ ತಮ್ಮ ಪೆನ್‌ಡ್ರೈವ್‌ನಿಂದ ಒಂದು ತಪಾಸಣೆ ಸ್ಕ್ರಿಪ್ಟ್ ಓಡಿಸಿದರು. ಅದು ಬರೆದ ಮೊದಲ ಸಾಲೇ ‘ಅಪಾಚೆ ಓಡುತ್ತಿಲ್ಲ’. ಅಪಾಚೆ ಎಂಬುದು 1995ರಿಂದ ಇರುವ, ಜಗತ್ತಿನಲ್ಲಿ ಬಹಳ ಬಳಕೆಯಲ್ಲಿರುವ ವೆಬ್ ಸರ್ವರ್ ಪ್ರೋಗ್ರಾಮ್. ‘ಇನ್‌ಸ್ಟಾಲೇಷನ್ ಕೆಟ್ಟಿದೆ, ಎಲ್ಲ ತೆಗೆದು ಹೊಸದಾಗಿ ಹಾಕಬೇಕು’ ಎಂದರು ಅವರು. ಮಾಮು ನನ್ನ ಕಡೆ ನೋಡಿ, ‘ಖಾತಾ ಗಯಾ ತೋ ದುಕಾನ್ ಗಯಿ, ಬೇಟಾ’ ಎಂದರು. ಉದ್ರಿ ಲೆಕ್ಕ ಹೋದರೆ ಅಂಗಡಿಯೇ ಹೋದ ಹಾಗೆ.

ಆ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ, ಏಕೆಂದು ಹೇಳುತ್ತೇನೆ. ಆ ಯಂತ್ರದಲ್ಲಿ ಉಬುಂಟು ಇದೆ. ಉಬುಂಟುವಿನ ಪದ್ಧತಿಯಂತೆ ಅಪಾಚೆಯನ್ನು ಹಾಕಿದರೆ ಅದರ ಸೆಟ್ಟಿಂಗ್ ಫೈಲುಗಳು ‘ಇಟಿಸಿ’ ಫೋಲ್ಡರಿನಲ್ಲಿ, ಲಾಗ್‌ಗಳು ‘ವಾರ್’ ಫೋಲ್ಡರಿನಲ್ಲಿ, ಡೇಟಾಬೇಸ್ ಬೇರೆ ಕಡೆ, ಹೀಗೆ ಹಂಚಿಹೋಗುತ್ತವೆ. ಆದರೆ ಬಿಲ್ಲಿಂಗ್ ಪ್ರೋಗ್ರಾಮ್ ಬರೆದುಕೊಟ್ಟವರು (ಅವರು ಈಗ ಊರಲ್ಲಿಲ್ಲ) ಝ್ಯಾಂಪ್ ಎಂಬ ಕಟ್ಟನ್ನು ಹಾಕಿದ್ದರು. ಝ್ಯಾಂಪ್‌ನಲ್ಲಿ ಅಪಾಚೆ, ಪಿಎಚ್‌ಪಿ, ಡೇಟಾಬೇಸ್ ಮೂರೂ ಒಟ್ಟಿಗೆ ಬರುತ್ತವೆ, ಮೂರೂ ‘ಆಪ್ಟ್’ ಫೋಲ್ಡರಿನೊಳಗಿನ ‘ಲ್ಯಾಂಪ್’ ಎಂಬ ಒಂದೇ ಫೋಲ್ಡರಿನಲ್ಲಿ ಇರುತ್ತವೆ. ಕಲಿಯುವವರಿಗೆ ಇದು ಬಹಳ ಅನುಕೂಲ. ಆದರೆ ಆ ಒಂದು ಫೋಲ್ಡರನ್ನು ಅಳಿಸಿದರೆ ಪ್ರೋಗ್ರಾಮಿನ ಜೊತೆ ಡೇಟಾಬೇಸ್ ಕೂಡ ಹೋಗುತ್ತದೆ. ‘ಎಲ್ಲ ತೆಗೆದು ಹೊಸದಾಗಿ’ ಎಂಬುದರ ಅರ್ಥ ಇಲ್ಲಿ ಆರು ವರ್ಷದ ಖಾತೆ ತೆಗೆಯುವುದು.

ನಾನು ಕೇಳಿದ ಪ್ರಶ್ನೆ ಒಂದೇ. ಅಪಾಚೆ ಓಡುತ್ತಿಲ್ಲ ಎಂದಾದರೆ ಗ್ರಾಹಕರ ಪಟ್ಟಿಯ ಪುಟವನ್ನು ಕಳಿಸುತ್ತಿರುವವರು ಯಾರು? ಟೆಕ್ನಿಷಿಯನ್ ಒಳ್ಳೆಯವರು, ಬೇಸರಿಸಲಿಲ್ಲ. ‘ನೋಡಮ್ಮ, ನೀನೇ ನೋಡು’ ಎಂದು ಸ್ಕ್ರಿಪ್ಟನ್ನು ಬಿಟ್ಟುಹೋದರು. ನಲವತ್ತು ಸಾಲಿನ ಶೆಲ್ ಸ್ಕ್ರಿಪ್ಟ್ ಅದು. ನಮ್ಮ ಕಂಪ್ಯೂಟರ್ ಸೈನ್ಸ್ ಮೇಡಂ ಮರುದಿನ ಊಟದ ವಿರಾಮದಲ್ಲಿ ಅದನ್ನು ನನ್ನ ಜೊತೆ ಸಾಲುಸಾಲಾಗಿ ಓದಿದರು.

ಓದಿದರೆ ಗೊತ್ತಾಗುತ್ತದೆ, ಅಂಥ ಸ್ಕ್ರಿಪ್ಟ್ ನಿಜವಾಗಿ ‘ಅಪಾಚೆ ಇದೆಯೇ’ ಎಂದು ಕೇಳುವುದೇ ಇಲ್ಲ. ‘ಅಪಾಚೆ2 ಎಂಬ ಹೆಸರಿನ ಪ್ರೋಸೆಸ್ ಇದೆಯೇ? 80ನೇ ಪೋರ್ಟಿನಲ್ಲಿ ಯಾರಾದರೂ ಉತ್ತರ ಕೊಡುತ್ತಾರೆಯೇ?’ ಎಂದು ಕೇಳುತ್ತದೆ. ಎರಡಕ್ಕೂ ಇಲ್ಲ ಎಂದು ಬಂದರೆ ಸರ್ವರ್ ಇಲ್ಲ ಎಂದು ಬರೆಯುತ್ತದೆ. ಉಬುಂಟು, ಡೆಬಿಯನ್‌ಗಳಲ್ಲಿ ಈ ಪ್ರೋಗ್ರಾಮಿನ ಹೆಸರು ಅಪಾಚೆ2. ರೆಡ್ ಹ್ಯಾಟ್ ಕಡೆಯವುಗಳಲ್ಲಿ ಮತ್ತು ಝ್ಯಾಂಪ್‌ನಲ್ಲಿ ಅದೇ ಪ್ರೋಗ್ರಾಮಿನ ಹೆಸರು ಎಚ್‌ಟಿಟಿಪಿಡಿ. ಮನೆಯಲ್ಲಿ ನನ್ನನ್ನು ಒಂದು ಹೆಸರಿನಲ್ಲಿ ಕರೆಯುತ್ತಾರೆ, ಹಾಜರಿ ಪುಸ್ತಕದಲ್ಲಿ ಇನ್ನೊಂದು ಇದೆ. ಮನೆಯ ಹೆಸರು ಹಿಡಿದು ಆಫೀಸಿನಲ್ಲಿ ಕೇಳಿದರೆ ಅಂಥ ಹುಡುಗಿ ಈ ಕಾಲೇಜಿನಲ್ಲಿ ಇಲ್ಲ ಎಂದೇ ಹೇಳುತ್ತಾರೆ. ಪೋರ್ಟಿನದೂ ಹೀಗೆ. ವೆಬ್ ಸರ್ವರಿಗೆ ರೂಢಿಯ ಬಾಗಿಲು 80. ಮಾಮುವಿನ ಬ್ರೌಸರಿನಲ್ಲಿ ವಿಳಾಸದ ಕೊನೆಗೆ 8080 ಎಂದು ಇದೆ. ಅದು ಆರು ವರ್ಷದಿಂದ ಎಲ್ಲರ ಕಣ್ಣೆದುರೇ ಇತ್ತು.

ಹಾಗಾದರೆ ಸರಿಯಾದ ಹೆಸರು, ಸರಿಯಾದ ಬಾಗಿಲು ತಿಳಿಯುವುದು ಹೇಗೆ? ಊಹಿಸಬಾರದು, ಯಂತ್ರವನ್ನೇ ಕೇಳಬೇಕು. ಲಿನಕ್ಸ್‌ನಲ್ಲಿ ‘ಎಸ್‌ಎಸ್’ ಎಂಬ ಎರಡಕ್ಷರದ ಕಮಾಂಡ್ ಇದೆ. ಯಾವ ಯಾವ ಪೋರ್ಟಿನಲ್ಲಿ ಯಾವ ಪ್ರೋಗ್ರಾಮ್ ಕಾಯುತ್ತ ಕುಳಿತಿದೆ ಎಂದು ಅದು ಪಟ್ಟಿ ಕೊಡುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಸುಡೋ ಇಲ್ಲದೆ ಸಾಮಾನ್ಯ ಬಳಕೆದಾರರಾಗಿ ಓಡಿಸಿದರೆ ಪೋರ್ಟ್ ಕಾಣುತ್ತದೆ, ಆದರೆ ಬೇರೆಯವರ ಪ್ರೋಗ್ರಾಮಿನ ಹೆಸರಿನ ಜಾಗ ಖಾಲಿ ಇರುತ್ತದೆ. ಖಾಲಿ ಎಂದರೆ ಯಾರೂ ಇಲ್ಲ ಎಂದಲ್ಲ, ನಿಮಗೆ ತೋರಿಸುವುದಿಲ್ಲ ಎಂದು. ಸುಡೋ ಸೇರಿಸಿದಾಗ 8080ರ ಎದುರು ಎಚ್‌ಟಿಟಿಪಿಡಿ ಎಂದೂ ಅದರ ಪ್ರೋಸೆಸ್ ನಂಬರ್ ಎಂದೂ ಬಂತು. ನಂಬರ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ‘ಪ್ರಾಕ್’ ಫೋಲ್ಡರಿನಲ್ಲಿ ಓಡುತ್ತಿರುವ ಪ್ರತಿ ಪ್ರೋಸೆಸ್‌ಗೂ ಅದರ ನಂಬರಿನ ಒಂದು ಫೋಲ್ಡರ್ ಇರುತ್ತದೆ. ಅದರೊಳಗಿನ ‘ಎಕ್ಸ್‌ಇ’ ಎಂಬ ಕೊಂಡಿ ಈ ಪ್ರೋಗ್ರಾಮ್ ಡಿಸ್ಕಿನ ಯಾವ ಫೈಲಿನಿಂದ ಎದ್ದು ಬಂದಿದೆ ಎಂದು ಹೇಳುತ್ತದೆ. ಆಪ್ಟ್ ಒಳಗಿನ ಲ್ಯಾಂಪ್ ಎಂದು ಅಲ್ಲಿ ಸ್ಪಷ್ಟವಾಗಿ ಇತ್ತು.

ಹೆಸರು ಮತ್ತು ಪೋರ್ಟನ್ನು ಸ್ಕ್ರಿಪ್ಟಿನಲ್ಲಿ ಬದಲಿಸಿ ಮತ್ತೆ ಓಡಿಸಿದೆವು. ಈಗ ಬಂದ ಉತ್ತರ: ‘ಅಪಾಚೆ ಓಡುತ್ತಿದೆ. ಸೆಟ್ಟಿಂಗ್ ಸರಿ ಇದೆ. ಲಾಗ್‌ನಲ್ಲಿ ದೋಷವಿಲ್ಲ. ಡಿಸ್ಕಿನಲ್ಲಿ ಜಾಗವಿದೆ.’

ನನ್ನ ಪ್ರಕಾರ ಮೊದಲಿನ ಉತ್ತರಕ್ಕಿಂತ ಇದು ಹೆಚ್ಚು ಅಪಾಯದ್ದು. ‘ಇಲ್ಲ’ ಎಂದರೆ ಯಾರಾದರೂ ಅನುಮಾನಪಡುತ್ತಾರೆ. ‘ಎಲ್ಲ ಸರಿ’ ಎಂದರೆ ಯಾರು ಅನುಮಾನಪಡುತ್ತಾರೆ? ಮೇಡಂ ಮಾತ್ರ, ‘ಯಾವ ಫೈಲ್ ಓದಿ ಸರಿ ಅಂತ ಹೇಳ್ತು, ಅದನ್ನ ಮೊದಲು ನೋಡು’ ಎಂದರು.

ಆ ಯಂತ್ರದಲ್ಲಿ ಝ್ಯಾಂಪ್‌ಗೂ ಮೊದಲು ಯಾರೋ ಉಬುಂಟುವಿನ ಅಪಾಚೆಯನ್ನು ಹಾಕಿ ತೆಗೆದಿದ್ದರು. ಉಬುಂಟುವಿನಲ್ಲಿ ಒಂದು ಪ್ಯಾಕೇಜನ್ನು ‘ರಿಮೂವ್’ ಮಾಡಿದರೆ ಪ್ರೋಗ್ರಾಮ್ ಹೋಗುತ್ತದೆ, ಸೆಟ್ಟಿಂಗ್ ಫೈಲುಗಳು ಉಳಿಯುತ್ತವೆ. ಅವೂ ಹೋಗಬೇಕಾದರೆ ‘ಪರ್ಜ್’ ಮಾಡಬೇಕು. ಹಾಗಾಗಿ ಇಟಿಸಿಯಲ್ಲಿ ಹಳೆಯ ಅಪಾಚೆಯ ಸೆಟ್ಟಿಂಗ್ ಉಳಿದಿತ್ತು, ವಾರ್‌ನಲ್ಲಿ ಹಳೆಯ ಲಾಗ್ ಉಳಿದಿತ್ತು. ಸ್ಕ್ರಿಪ್ಟ್ ಅವನ್ನು ಓದಿ ಸರ್ಟಿಫಿಕೇಟ್ ಕೊಟ್ಟಿತ್ತು. ಡಿಸ್ಕ್ ಪರೀಕ್ಷೆಯೂ ಹಾಗೆಯೇ. ವಾರ್ ಇರುವ ಭಾಗದ ಜಾಗವನ್ನಷ್ಟೇ ಅದು ನೋಡುತ್ತಿತ್ತು, ಈ ಯಂತ್ರದಲ್ಲಿ ಆಪ್ಟ್ ಇರುವುದು ಬೇರೆಯದೇ ಭಾಗ, 60 ಜಿಬಿಯದ್ದು. ಮುಚ್ಚಿಹೋದ ಅಂಗಡಿಯ ಪುಸ್ತಕ ಆಡಿಟ್ ಮಾಡಿ, ನಡೆಯುತ್ತಿರುವ ಅಂಗಡಿಗೆ ಸಹಿ ಹಾಕಿಕೊಟ್ಟ ಹಾಗೆ.

ಓಡುತ್ತಿರುವ ಅಪಾಚೆ ಯಾವ ಸೆಟ್ಟಿಂಗ್ ಓದುತ್ತಿದೆ ಎಂಬುದನ್ನೂ ಅದರಿಂದಲೇ ಕೇಳಬಹುದು. ಎಕ್ಸ್‌ಇ ತೋರಿಸಿದ ಅದೇ ಎಚ್‌ಟಿಟಿಪಿಡಿ ಫೈಲನ್ನು ಪೂರ್ತಿ ವಿಳಾಸದೊಂದಿಗೆ, ದೊಡ್ಡ ‘ವಿ’ ಆಯ್ಕೆ ಕೊಟ್ಟು ಓಡಿಸಿದರೆ ಅದು ಕಟ್ಟಲ್ಪಟ್ಟಾಗ ಬರೆದುಕೊಂಡ ಮೂಲ ಫೋಲ್ಡರ್ ಮತ್ತು ಸೆಟ್ಟಿಂಗ್ ಫೈಲಿನ ಹೆಸರನ್ನು ಹೇಳುತ್ತದೆ. ಆದರೆ ಶುರುಮಾಡುವಾಗ ಯಾರಾದರೂ ಬೇರೆ ಫೈಲ್ ಕೊಟ್ಟಿರಬಹುದು, ಆದ್ದರಿಂದ ಪ್ರಾಕ್ ಒಳಗಿನ ‘ಸಿಎಂಡಿಲೈನ್’ ಕೂಡ ನೋಡಬೇಕು. ದೊಡ್ಡ ‘ಎಸ್’ ಆಯ್ಕೆ ನನಗೆ ಇನ್ನೂ ಇಷ್ಟವಾಯಿತು. ಎರರ್ ಲಾಗ್ ಎಲ್ಲಿದೆ ಎಂಬುದನ್ನೂ ಅದು ಒಂದೇ ಸಾಲಿನಲ್ಲಿ ಹೇಳಿಬಿಡುತ್ತದೆ.

ಆ ಲಾಗಿನ ಗಾತ್ರ 47 ಜಿಬಿ. ಆಪ್ಟ್ ಭಾಗದಲ್ಲಿ ಉಳಿದ ಜಾಗ ಸೊನ್ನೆ.

ಇಲ್ಲಿಂದ ನಮ್ಮ ಕಾಮರ್ಸ್ ಲೆಕ್ಕ. ಮೂರೂವರೆ ವರ್ಷದ ಹಿಂದೆ ಬಿಲ್ಲಿಂಗಿಗೆ ಸ್ಟಾಕ್ ತೋರಿಸುವ ಒಂದು ಪಟ್ಟಿ ಸೇರಿಸಿದ್ದರು, ಅದು 5 ಸೆಕೆಂಡಿಗೊಮ್ಮೆ ತಾನಾಗಿ ರಿಫ್ರೆಶ್ ಆಗುತ್ತದೆ. ದಿನಕ್ಕೆ ಹತ್ತು ಗಂಟೆ ಎಂದರೆ 36,000 ಸೆಕೆಂಡು, ಒಂದು ಕಂಪ್ಯೂಟರಿಗೆ 7,200 ಸಲ, ನಾಲ್ಕಕ್ಕೆ 28,800 ಸಲ. ಪ್ರತಿ ಸಲವೂ ಆ ಪುಟದ ಕೋಡಿನಿಂದ ‘ಇಂಥ ಹೆಸರು ಸಿಗಲಿಲ್ಲ’ ಎಂಬ ಎಂಟು ಚಿಕ್ಕ ನೋಟಿಸ್‌ಗಳು ಲಾಗಿಗೆ ಬೀಳುತ್ತಿದ್ದವು, ಒಂದೊಂದು ಸುಮಾರು 200 ಬೈಟ್. ಗುಣಿಸಿದರೆ ದಿನಕ್ಕೆ 46 ಎಂಬಿ, 300 ಕೆಲಸದ ದಿನಕ್ಕೆ ಸುಮಾರು 14 ಜಿಬಿ. ಮೂರೂವರೆ ವರ್ಷಕ್ಕೆ 48 ಜಿಬಿ. ಲೆಕ್ಕ ತಾಳೆಯಾಯಿತು, ನಮ್ಮ ಬಿಆರ್‌ಎಸ್ ಎಷ್ಟೋ ಸಲ ಇಷ್ಟು ಚೆನ್ನಾಗಿ ತಾಳೆಯಾಗುವುದಿಲ್ಲ!

ಸೇವ್ ಮಾತ್ರ ಏಕೆ ಸುತ್ತುತ್ತಿತ್ತು ಎಂಬುದಕ್ಕೂ ಇದೇ ಉತ್ತರ. ಆ ಡೇಟಾಬೇಸಿನ ಟೇಬಲ್‌ಗಳು ಮೈಐಸ್ಯಾಮ್ ಎಂಬ ಹಳೆಯ ಮಾದರಿಯವು. ಬರೆಯಲು ಜಾಗ ಸಾಲದಿದ್ದರೆ ಅದು ಕೂಡಲೇ ದೋಷ ಹೇಳಿ ನಿಲ್ಲುವುದಿಲ್ಲ. ಜಾಗ ಬಿಡುಗಡೆಯಾಯಿತೇ ಎಂದು ನಿಮಿಷಕ್ಕೊಮ್ಮೆ ನೋಡುತ್ತ ಕಾಯುತ್ತದೆ. ಓದುವುದಕ್ಕೆ ಹೊಸ ಜಾಗ ಬೇಡ, ಹಾಗಾಗಿ ಹಳೆಯ ಪಟ್ಟಿ ಕಾಣುತ್ತಿತ್ತು.

ಸರಿಪಡಿಸುವಾಗ ಮೊದಲು ಮಾಡಿದ್ದು ನಕಲು. ಅಂಗಡಿ ಮುಚ್ಚಿದ ಮೇಲೆ ಝ್ಯಾಂಪನ್ನು ನಿಲ್ಲಿಸಿ, ಡೇಟಾಬೇಸ್ ಫೋಲ್ಡರ್ ಮತ್ತು ಪ್ರೋಗ್ರಾಮಿನ ಫೋಲ್ಡರ್ ಎರಡನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ತೆಗೆದುಕೊಂಡೆವು. ಆರು ವರ್ಷದ ಖಾತೆ 100 ಎಂಬಿಯೂ ಇರಲಿಲ್ಲ. ಮಾಮುವಿಗೆ ನಂಬಿಕೆಯಾಗಲಿಲ್ಲ, ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವ್‌ಗೂ ಹಾಕಿಸಿ ಜೇಬಿನಲ್ಲಿಟ್ಟುಕೊಂಡರು. ಆಮೇಲೆ ಲಾಗಿನ ಕೊನೆಯ ಸಾವಿರ ಸಾಲು ಉಳಿಸಿಕೊಂಡು ಅದನ್ನು ಸೊನ್ನೆಗೆ ಇಳಿಸಿದೆವು. ಸರ್ವರ್ ಓಡುತ್ತಿರುವಾಗ ಯಾರಾದರೂ ಇದನ್ನು ಮಾಡುವುದಾದರೆ ಲಾಗ್ ಫೈಲನ್ನು ಅಳಿಸಬೇಡಿ. ಅಪಾಚೆ ಅದನ್ನು ತೆರೆದು ಹಿಡಿದಿರುವ ತನಕ ಹೆಸರು ಹೋಗುತ್ತದೆ, ಜಾಗ ಬಿಡುಗಡೆಯಾಗುವುದಿಲ್ಲ. ಫೈಲನ್ನು ಅಲ್ಲೇ ಇಟ್ಟು ಒಳಗಿನದನ್ನು ಮಾತ್ರ ಖಾಲಿ ಮಾಡಬೇಕು.

ಉಬುಂಟುವಿನ ಅಪಾಚೆಯಾಗಿದ್ದರೆ ಈ ತೊಂದರೆ ಬಹುಶಃ ಬರುತ್ತಲೇ ಇರಲಿಲ್ಲ. ಅದರ ಜೊತೆಗೆ ‘ಲಾಗ್‌ರೊಟೇಟ್’ಗೆ ಒಂದು ಚೀಟಿ ಬರುತ್ತದೆ. ಹಳೆಯ ಲಾಗನ್ನು ಮಡಚಿಟ್ಟು, ಇನ್ನೂ ಹಳೆಯದನ್ನು ಎಸೆಯುವುದು ಲಾಗ್‌ರೊಟೇಟ್‌ನ ಕೆಲಸ. ಆ ಚೀಟಿಯಲ್ಲಿ ವಾರ್ ಒಳಗಿನ ವಿಳಾಸ ಮಾತ್ರ ಇದೆ. ಲ್ಯಾಂಪ್‌ನ ಲಾಗ್‌ಗೆ ಹೇಳುವವರು ಕೇಳುವವರು ಇರಲಿಲ್ಲ. ಚೀಟಿಯ ವಿಳಾಸವನ್ನಷ್ಟೇ ಬದಲಿಸಿದರೂ ಸಾಲದು. ಅಲ್ಲಿ ‘ಚುಕ್ಕಿ ಲಾಗ್’ ಎಂದು ಕೊನೆಯಾಗುವ ಫೈಲುಗಳನ್ನು ಹುಡುಕುವಂತೆ ಬರೆದಿದೆ. ಝ್ಯಾಂಪ್‌ನ ಫೈಲಿನ ಹೆಸರಿನಲ್ಲಿ ಚುಕ್ಕಿಯೇ ಇಲ್ಲ, ಎರರ್ ಮತ್ತು ಲಾಗ್ ನಡುವೆ ಇರುವುದು ಕೆಳಗೆರೆ. ಒಂದೂ ಸಿಗದೆ ಸುಮ್ಮನೆ ಮುಂದೆ ಹೋಗುತ್ತಿತ್ತು.

ನಾವು ಹೊಸ ಚೀಟಿ ಬರೆದೆವು. ವಾರಕ್ಕೊಮ್ಮೆ ಮಡಚು, ಎಂಟು ವಾರದ್ದು ಇಟ್ಟುಕೋ, ಕುಗ್ಗಿಸಿಡು. ಚಿಕ್ಕ ‘ಡಿ’ ಆಯ್ಕೆ ಕೊಟ್ಟರೆ ಲಾಗ್‌ರೊಟೇಟ್ ಏನನ್ನೂ ಮುಟ್ಟದೆ, ತಾನು ಏನು ಮಾಡಲಿದ್ದೇನೆ ಎಂದು ಮಾತ್ರ ಹೇಳುತ್ತದೆ. ಆ ಪಟ್ಟಿಯಲ್ಲಿ ಲ್ಯಾಂಪ್‌ನ ಎರಡೂ ಲಾಗ್‌ಗಳ ಹೆಸರು ಬಂದ ಮೇಲೆ ಎದ್ದೆವು. ಸ್ಟಾಕ್ ಪಟ್ಟಿಯ ರಿಫ್ರೆಶ್ 5 ಸೆಕೆಂಡಿನಿಂದ 60ಕ್ಕೆ ಏರಿದೆ, ಯಾರೂ ವ್ಯತ್ಯಾಸ ಗಮನಿಸಿಲ್ಲ. ಆ ಎಂಟು ನೋಟಿಸ್‌ಗಳಲ್ಲಿ ಐದನ್ನು ಕೋಡಿನಲ್ಲೇ ಸರಿಮಾಡಿದ್ದೇನೆ, ಮೂರು ಇನ್ನೂ ಇವೆ. ಟೆಕ್ನಿಷಿಯನ್‌ಗೆ ಸ್ಕ್ರಿಪ್ಟನ್ನು ವಾಪಸ್ ಕೊಟ್ಟಿದ್ದೇವೆ. ಅದರಲ್ಲಿ ಈಗ ಹೆಸರು, ಪೋರ್ಟ್, ಸೆಟ್ಟಿಂಗ್, ಲಾಗ್, ಡಿಸ್ಕ್ ಐದನ್ನೂ ಮೇಲಿನ ಸಾಲುಗಳಲ್ಲಿ ಬೇರೆಯಾಗಿ ಬರೆಯುವ ಜಾಗವಿದೆ. ‘ಇಲ್ಲ’ ಎನ್ನುವ ಕಡೆ ಅದು ‘80ನೇ ಪೋರ್ಟಿನಲ್ಲಿ ಅಪಾಚೆ2 ಹೆಸರಿನದು ಸಿಗಲಿಲ್ಲ’ ಎಂದು, ಎಲ್ಲಿ ಏನನ್ನು ಹುಡುಕಿತೋ ಅದನ್ನೂ ಸೇರಿಸಿ ಹೇಳುತ್ತದೆ.