ಬೆಳಿಗ್ಗೆ ದಾಟಿದ ಹಳ್ಳ ಸಂಜೆಗೆ ಅದೇ ಹಳ್ಳವಲ್ಲ

ಮಳೆಗಾಲ ಮುಗಿಯುತ್ತಿದ್ದಂತೆ ಅನೇಕ ಮನೆಗಳಲ್ಲಿ ಮಕ್ಕಳು ಬೆನ್ನಚೀಲ ಕಟ್ಟಿಕೊಂಡು ಘಟ್ಟದ ಕಡೆ ಹೊರಡುತ್ತಾರೆ. ಈಚೆಗೆ ಅಪ್ಪ ಅಮ್ಮಂದಿರೂ ಜೊತೆಗೆ ಹೊರಡುವುದುಂಟು. ಒಳ್ಳೆಯದೇ. ಆದರೆ ಇಡೀ ದಿನದ ಬೆಟ್ಟದ ನಡಿಗೆ ಪಾರ್ಕಿನ ವಾಯುವಿಹಾರವಲ್ಲ. ಕುಮಾರಪರ್ವತವನ್ನೇ ತೆಗೆದುಕೊಳ್ಳಿ. ಅದರ ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಬುಡದಲ್ಲಿ. ಅಲ್ಲಿಂದ ಹೊರಟವರು ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಹತ್ತಬೇಕು, ಅಷ್ಟನ್ನೂ ಇಳಿಯಬೇಕು.

ಎಲ್ಲರೂ ಹತ್ತುವುದಕ್ಕೆ ಹೆದರುತ್ತಾರೆ. ವೈದ್ಯನಾಗಿ ನನಗೆ ಹೆಚ್ಚು ಭಯ ಇಳಿಯುವುದರ ಬಗ್ಗೆ. ಇಳಿಯುವಾಗ ತೊಡೆಯ ಸ್ನಾಯುಗಳು ಮೈಭಾರವನ್ನು ತಡೆಹಿಡಿಯುತ್ತಲೇ ಹಿಗ್ಗಬೇಕಾಗುತ್ತದೆ. ಸ್ನಾಯುವಿನ ಎಳೆಗಳಿಗೆ ಹೆಚ್ಚು ಪೆಟ್ಟು ಬೀಳುವುದು ಆಗಲೇ. ಇಂಥ ಒಂದು ಚಾರಣದ ಮರುದಿನ ನಾನು ಕ್ಲಿನಿಕ್ಕಿನ ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಇಳಿದದ್ದನ್ನು ನಮ್ಮ ಕಾಂಪೌಂಡರ್ ಇನ್ನೂ ಮರೆತಿಲ್ಲ. ಸಂಜೆಯ ಹೊತ್ತಿಗೆ ಸ್ನಾಯುಗಳಲ್ಲಿದ್ದ ಸಕ್ಕರೆಯ ದಾಸ್ತಾನು ಬಹುಮಟ್ಟಿಗೆ ಖರ್ಚಾಗಿರುತ್ತದೆ, ಬೆವರಿನಲ್ಲಿ ನೀರು, ಉಪ್ಪು ಹೋಗಿರುತ್ತವೆ. ಮಂಡಿ ನಡುಗುತ್ತದೆ, ಬುದ್ಧಿಯೂ ಸ್ವಲ್ಪ ಮಂಕಾಗುತ್ತದೆ. ಇಂಥ ಕಾಲುಗಳ ಮೇಲೆ ನೀವು ಹಳ್ಳದ ದಡಕ್ಕೆ ಬಂದು ನಿಲ್ಲುತ್ತೀರಿ.

ಬೆಳಿಗ್ಗೆ ಪಾದ ಮಾತ್ರ ಮುಳುಗಿಸಿದ್ದ ಹಳ್ಳ ಅದು. ಹಿಂಗಾರಿನ ಗುಡುಗುಮಳೆ ಹೆಚ್ಚಾಗಿ ಬರುವುದು ಮಧ್ಯಾಹ್ನದ ಮೇಲೆ. ನೀವಿದ್ದಲ್ಲಿ ಒಂದು ಹನಿ ಬೀಳದಿದ್ದರೂ ಮೇಲಿನ ಕಣಿವೆಯಲ್ಲಿ ಸುರಿದರೆ ಸಾಕು, ನೀರು ಕೆಂಪಾಗಿ ಏರುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ನೂಕುವ ಬಲ ನಾಲ್ಕು ಪಟ್ಟಾಗುತ್ತದೆ. ರಭಸದ ನೀರು ಮಂಡಿಗಿಂತ ಮೇಲೆ ಬಂದರೆ ಗಟ್ಟಿಮುಟ್ಟಾದ ಯುವಕನೂ ನಿಲ್ಲಲಾರ. ತಳ ಕಾಣದಿದ್ದರೆ, ಕೊಂಬೆ ರೆಂಬೆಗಳು ತೇಲಿ ಬರುತ್ತಿದ್ದರೆ ದಾಟಲೇಬೇಡಿ. ಘಟ್ಟದ ಸಣ್ಣ ಹಳ್ಳಗಳು ಬೇಗ ಏರುವಂತೆ, ಮಳೆ ನಿಂತ ಕೆಲವು ಗಂಟೆಗಳಲ್ಲಿ ಇಳಿಯುತ್ತವೆ ಕೂಡ. ಕಾಯಿರಿ. ಸೋಮವಾರ ಕಚೇರಿಗೆ ರಜೆ ಹಾಕಿದರೆ ಲೋಕ ಮುಳುಗುವುದಿಲ್ಲ.

ನೀರು ಕಡಿಮೆ ಇದ್ದು ದಾಟುವಾಗಲೂ ಬೂಟು ಬಿಚ್ಚಬೇಡಿ, ಪಾಚಿಗಟ್ಟಿದ ಕಲ್ಲಿನ ಮೇಲೆ ಬರಿಗಾಲು ಜಾರುತ್ತದೆ. ಚೀಲದ ಸೊಂಟಪಟ್ಟಿ ಬಿಚ್ಚಿಡಿ, ಬಿದ್ದರೆ ಚೀಲವನ್ನು ಕಳಚಿ ಎಸೆಯಲು ಸಾಧ್ಯವಾಗಬೇಕು. ನೀರು ಬರುವ ದಿಕ್ಕಿಗೆ ಮುಖಮಾಡಿ, ಗಟ್ಟಿ ಕೋಲನ್ನು ಮುಂದೆ ಊರಿ, ಅಡ್ಡಡ್ಡವಾಗಿ ಒಂದೊಂದೇ ಹೆಜ್ಜೆ ಇಡಿ. ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳುವುದು ಸಿನಿಮಾದಲ್ಲಿ ಚೆನ್ನ. ನಿಜವಾಗಿ ಬಿದ್ದಾಗ ಅದೇ ಮನುಷ್ಯನನ್ನು ನೀರಿನಡಿ ಹಿಡಿದಿಡುತ್ತದೆ. ದಾಟಿದ ಮೇಲೆ ಒಣ ಕಾಲುಚೀಲ ಹಾಕಿಕೊಳ್ಳಿ. ಒದ್ದೆ ಚರ್ಮದಲ್ಲಿ ಬೊಕ್ಕೆ ಏಳುವುದು ಬೇಗ.

ನೀರನ್ನು ಒಮ್ಮೆಗೇ ಗಟಗಟ ಕುಡಿಯದೆ ಆಗಾಗ ಸ್ವಲ್ಪ ಸ್ವಲ್ಪ ಕುಡಿಯಿರಿ. ಬರೀ ನೀರೂ ಸಾಲದು. ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿದರೆ ಮನೆಯ ಜೀವಜಲ ಸಿದ್ಧ. ಚಪಾತಿ, ಕಡಲೆಮಿಠಾಯಿ, ಬಾಳೆಹಣ್ಣು ಜೊತೆಗಿರಲಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೊರಡಕೂಡದು.

ಇಂಬಳ ಕಚ್ಚಿದರೆ ಗಾಬರಿ ಬೇಡ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವ ಬಿಡುವುದರಿಂದ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ, ಅಷ್ಟೆ. ತೊಳೆದು ಒತ್ತಿ ಹಿಡಿಯಿರಿ.

ಮನೆಗೆ ಬಂದ ಮೇಲಿನದೊಂದು ಮಾತು. ಗಾಯವಿದ್ದ ಕಾಲು ಹಳ್ಳದ ನೀರಿನಲ್ಲಿ ನೆಂದಿದ್ದರೆ ಇಲಿಜ್ವರದ ರೋಗಾಣು ಒಳಹೊಕ್ಕಿರಬಹುದು. ಅದು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಐದರಿಂದ ಹದಿನಾಲ್ಕು ದಿನಗಳಲ್ಲಿ, ಅಂದರೆ ಚಾರಣ ಮರೆತುಹೋದ ಮೇಲೆ. ಜ್ವರ, ತಲೆನೋವು, ಕೆಂಪು ಕಣ್ಣು, ಮೀನಖಂಡಗಳಲ್ಲಿ ವಿಪರೀತ ನೋವು ಬಂದರೆ ‘ನಡೆದ ಆಯಾಸ’ ಎಂದು ಮಾತ್ರೆ ನುಂಗಿ ಮಲಗಬೇಡಿ. ಸಕಾಲದಲ್ಲಿ ಕೊಟ್ಟರೆ ಸಾಧಾರಣ ಆಂಟಿಬಯಾಟಿಕ್ ಸಾಕು. ತಡವಾದರೆ ಮೂತ್ರಪಿಂಡ, ಯಕೃತ್ತುಗಳಿಗೇ ಪೆಟ್ಟು. ನಮ್ಮಲ್ಲಿಗೆ ಬಂದಾಗ ಬೆಟ್ಟಕ್ಕೆ ಹೋಗಿದ್ದು, ಹಳ್ಳ ದಾಟಿದ್ದು, ಯಾವ ದಿನವೆಂಬುದು, ಮೂರನ್ನೂ ನಾವು ಕೇಳುವ ಮೊದಲೇ ಹೇಳಿಬಿಡಿ.