ಮೌನವನ್ನು ನಿರಾಕರಣೆಯೆಂದು ತಿಳಿಯದ ಭಾಷೆ

ಮನುಷ್ಯರ ಓದಿಗೆಂದು ರಚಿತವಾದ ಜಾಲಪುಟಗಳನ್ನು ಗಣಕಯಂತ್ರವು ನಮ್ಮೆದುರಿಗೆ ತಂದು ನಿಲ್ಲಿಸಬಲ್ಲುದಾದರೂ ಅವುಗಳ ತಾತ್ಪರ್ಯವನ್ನು ತಾನಾಗಿ ಗ್ರಹಿಸಲಾರದೆಂಬ ಕೊರತೆಯನ್ನು ನೀಗುವ ಹಂಬಲದಿಂದ, ಜಾಲದ ಜನಕರಾದ ಟಿಮ್ ಬರ್ನರ್ಸ್-ಲೀ ಅವರು ಇನ್ನಿಬ್ಬರೊಡಗೂಡಿ 2001ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಗೆ ಬರೆದ ಲೇಖನದಲ್ಲಿ, ಅರ್ಥವನ್ನೂ ಹೊತ್ತು ಸಂಚರಿಸುವ ಜಾಲವೊಂದನ್ನು ಕಲ್ಪಿಸಿದರು. ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ 2004ರ ಫೆಬ್ರವರಿಯಲ್ಲಿ ಅಂಗೀಕರಿಸಿದ ‘ಔಲ್’ ಎಂಬ ಭಾಷೆ ಆ ಕಲ್ಪನೆಗೆ ತರ್ಕದ ಕಟ್ಟನ್ನು ಒದಗಿಸಿತು.

ವೈದ್ಯಕೋಶವೊಂದರಲ್ಲಿ, ಎಂಡೋಕಾರ್ಡೈಟಿಸ್ ಎಂಬುದು ಹೃದಯದ ಒಳಪೊರೆಯಲ್ಲಿ ಉಂಟಾಗುವ ಉರಿಯೂತವೆಂದೂ, ಆ ಒಳಪೊರೆ ಹೃದಯದ ಭಾಗವೆಂದೂ, ಉರಿಯೂತವು ಒಂದು ವ್ಯಾಧಿಯೆಂದೂ, ಹೃದಯದ ಯಾವುದೇ ಭಾಗದಲ್ಲಿ ತೋರುವ ವ್ಯಾಧಿ ಹೃದ್ರೋಗವೆಂದೂ ಈ ಭಾಷೆಯಲ್ಲಿ ಬರೆದಿಟ್ಟರೆ ಸಾಕು. ಎಂಡೋಕಾರ್ಡೈಟಿಸ್ ಹೃದ್ರೋಗವೆಂದು ಯಾರೂ ಬರೆಯದಿದ್ದರೂ ಯಂತ್ರವು ಅದನ್ನು ಅನುಮಾನದಿಂದ ಸಾಧಿಸಿಕೊಳ್ಳುವುದು.

ಆದರೆ ಈ ಭಾಷೆಯ ನಿಜವಾದ ಸ್ವಭಾವ ಕಾಣುವುದು ಅದರ ಸಂಯಮದಲ್ಲಿ. ರೈಲಿನ ಮುಂಗಡ ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಆಸನವಿಲ್ಲವೆಂದು ಟಿಕೆಟ್ ಕಲೆಕ್ಟರು ನಿರ್ಣಯಿಸುವಂತೆ ಔಲ್ ಎಂದಿಗೂ ನಿರ್ಣಯಿಸದು. ಹೇಳದೆ ಬಿಟ್ಟದ್ದು ಅದಕ್ಕೆ ತಿಳಿಯದ ಸಂಗತಿಯೇ ಹೊರತು ಸುಳ್ಳಲ್ಲ. ಹೆತ್ತ ತಾಯಿ ಒಬ್ಬಳೇ ಎಂಬ ನಿಯಮವನ್ನು ವಿಧಿಸಿ, ರಾಮಣ್ಣನ ತಾಯಿ ಸೀತಮ್ಮನೆಂದು ಒಂದೆಡೆ, ಪುಟ್ಟಮ್ಮನೆಂದು ಇನ್ನೊಂದೆಡೆ ಬರೆದೆವೆನ್ನಿ: ತಪ್ಪಾಯಿತೆಂದು ಅದು ಕೂಗದೆ, ಸೀತಮ್ಮನೂ ಪುಟ್ಟಮ್ಮನೂ ಒಬ್ಬಳೇ ಎಂದು ಶಾಂತವಾಗಿ ತೀರ್ಮಾನಿಸುವುದು. ಅವರಿಬ್ಬರೂ ಬೇರೆಬೇರೆ ಎಂದು ಸ್ಪಷ್ಟವಾಗಿ ನುಡಿದ ಮೇಲಷ್ಟೇ ಅದಕ್ಕೆ ವಿರೋಧ ತೋರುವುದು. ಕಚೇರಿಯ ಕಡತ ನೋಡಿ ಪಳಗಿದವರಿಗೆ ಇದು ರೇಗಿಸುವ ನಡೆಯೇ ಸರಿ. ಆದರೆ ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ಹೊಸ ಮಾತೊಂದನ್ನು ಸೇರಿಸಬಹುದಾದ ಜಾಲದಲ್ಲಿ, ಬೇರೆ ನಡೆ ಯುಕ್ತವೆಂದು ನನಗಂತೂ ತೋರದು.

ಭಾಷೆಯ ಅಭಿವ್ಯಕ್ತಿಶಕ್ತಿ ಹೆಚ್ಚಿದಷ್ಟೂ ಅನುಮಾನದ ಶ್ರಮವೂ ಹೆಚ್ಚುವುದು. ‘ಔಲ್ ಫುಲ್’ ಎಂಬ ಕಟ್ಟಿಲ್ಲದ ರೂಪದಲ್ಲಂತೂ ಎಲ್ಲ ಪ್ರಶ್ನೆಗಳಿಗೂ ತಪ್ಪದೆ ಉತ್ತರ ಕೊಟ್ಟು ಮುಗಿಯುವ ವಿಧಾನವೇ ಅಸಾಧ್ಯ. ಆದುದರಿಂದ 2009ರ ಎರಡನೆಯ ಆವೃತ್ತಿಯು ಬೇಕೆಂದೇ ಮಿತಗೊಳಿಸಿದ ಮೂರು ರೂಪಗಳನ್ನು ಮುಂದಿಟ್ಟಿತು. ಅವುಗಳಲ್ಲಿ ‘ಇ.ಎಲ್.’ ಎಂಬುದು ‘ಇದು ಅಥವಾ ಅದು’ ಎನ್ನುವ ವಿಕಲ್ಪವನ್ನೇ ತ್ಯಜಿಸಿತು. ಆ ತ್ಯಾಗದ ಫಲವಾಗಿ, 3 ಲಕ್ಷಕ್ಕೂ ಮಿಕ್ಕ ಪರಿಕಲ್ಪನೆಗಳುಳ್ಳ ‘ಸ್ನೊಮೆಡ್ ಸಿಟಿ’ ಎಂಬ ವೈದ್ಯಕೀಯ ಪದಕೋಶವನ್ನು ಸಾಧಾರಣ ಲ್ಯಾಪ್‌ಟಾಪ್ ಕೂಡ ಒಂದು ನಿಮಿಷದೊಳಗೆ ವರ್ಗೀಕರಿಸಿಬಿಡುವುದು.