ಹಾವಸೆ: ಗಾಜಿನ ತೊಟ್ಟಿಯಿಂದ ಪಂಚಗಂಗೆಯವರೆಗೆ

ನಿಂತ ನೀರಿನಲ್ಲಿಯೂ ತೇವದ ಕಲ್ಲಿನ ಮೇಲೂ ಹಬ್ಬುವ ಹಸಿರು ಪದರಕ್ಕೆ ಕನ್ನಡದಲ್ಲಿ ಪಾಚಿ, ಹಾವಸೆ ಎಂಬ ಹೆಸರುಗಳಿವೆ. ಮರಾಠಿಯ ‘ಶೇವಾಳ’ವು ಸಂಸ್ಕೃತದ ‘ಶೈವಾಲ’ದಿಂದ ಬಂದುದು. ಹೆಸರು ಯಾವುದಾದರೂ ಅದನ್ನು ಬೆಳೆಸುವವು ಬೆಳಕು ಹಾಗೂ ನೀರಿನಲ್ಲಿ ಕರಗಿದ ಸಾರಜನಕ, ರಂಜಕಗಳ ಲವಣಗಳು.

ಮನೆಯ ಮೀನುತೊಟ್ಟಿಗೆ ಈ ಲವಣಗಳು ಮೀನಿನ ಮಲದಿಂದಲೂ ತಿನ್ನದೆ ಉಳಿದ ಆಹಾರದಿಂದಲೂ ಸೇರುತ್ತವೆ. ಗಾಜಿಗೆ ಅಂಟಿದ ಪಾಚಿಯನ್ನು ಕೆರೆದು ತೆಗೆದರೂ ಲವಣಗಳು ಉಳಿದಿದ್ದರೆ ಅದು ಕೆಲವೇ ದಿನಗಳಲ್ಲಿ ಮರಳುತ್ತದೆ. ಔಷಧ ಹಾಕಿ ಕೊಂದರೆ, ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಕುಗ್ಗಿ ಮೀನುಗಳೇ ಸಾಯಬಹುದು. ಆದ್ದರಿಂದ ತೊಟ್ಟಿಯನ್ನು ನೇರ ಬಿಸಿಲಿನಿಂದ ದೂರವಿರಿಸಬೇಕು. ದೀಪವನ್ನು ದಿನಕ್ಕೆ 6ರಿಂದ 8 ಗಂಟೆ ಮಾತ್ರ ಉರಿಸಬೇಕು. ಎರಡು-ಮೂರು ನಿಮಿಷಗಳಲ್ಲಿ ತಿಂದು ಮುಗಿಯುವಷ್ಟೇ ಆಹಾರ ಹಾಕಬೇಕು. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಬೇಕು. ಬೇಗ ಬೆಳೆಯುವ ಜಲಸಸ್ಯಗಳನ್ನು ನೆಟ್ಟರೆ ಅವು ಅದೇ ಲವಣಗಳನ್ನು ಹೀರಿ ಪಾಚಿಯನ್ನು ಹಿಂದಿಕ್ಕುತ್ತವೆ.

ಶಿರೋಳ ತಾಲೂಕಿನಲ್ಲಿ ಇದೇ ನಿಯಮವನ್ನು ನದಿಯಲ್ಲಿಯೂ ಕಾಣಬಹುದು. ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಸೇರುವ ಪಂಚಗಂಗೆಯು ಕೊಲ್ಹಾಪುರ, ಇಚಲಕರಂಜಿಗಳ ಕೊಳಚೆಯನ್ನೂ ಹೊಲಗಳ ಗೊಬ್ಬರದ ಅಂಶವನ್ನೂ ಹೊತ್ತು ಬರುತ್ತದೆ. ಹರಿವು ಕುಗ್ಗುವ ಬೇಸಗೆಯಲ್ಲಿ ಅದರ ಮೇಲೆ ಜಲಪರ್ಣಿ ಹಾಸಿಕೊಳ್ಳುತ್ತದೆ. ಜಲಪರ್ಣಿ ಪಾಚಿಯಲ್ಲ, ಹೂಬಿಡುವ ಸಸ್ಯ. ಆದರೂ ಎರಡನ್ನೂ ಪೋಷಿಸುವ ಲವಣಗಳು ಒಂದೇ. ಅದನ್ನು ಎಳೆದು ದಡಕ್ಕೆ ಹಾಕುವುದಷ್ಟೇ ಆದರೆ ಅದು ಗಾಜನ್ನು ಕೆರೆದಂತೆ. ಕೊಳಚೆ ಶುದ್ಧಗೊಳ್ಳದೆ ನದಿಗೆ ಸೇರುವವರೆಗೆ ಮರುವರ್ಷ ಮತ್ತೆ ಬರುತ್ತದೆ. ತೊಟ್ಟಿಯ ನೀರನ್ನು ಬದಲಿಸಬಹುದು. ದಂಡೆಯ ಊರುಗಳು ನಂಬಿದ ನದಿಯನ್ನು ಬದಲಿಸಲಾಗದು.